ಮರುಮಾತಾಡದ ಬೆಳಗು

"ಆಯ್ತು," ಎಂದಳು ಹೆಂಡತಿ.

ಅವನು ಗಕ್ಕನೆ ತಿರುಗಿ ನೋಡಿದ. ಆಸ್ಪತ್ರೆಯ ಕಿಟಕಿಗೆ ಪರದೆ ಹಾಕಲೇ ಎಂದು ಕೇಳಿದ್ದಕ್ಕೆ ಬಂದ ಉತ್ತರ ಅದು. ಮದುವೆಯಾದಾಗಿನಿಂದ ಅವನು ಹಾಕಲೇ ಎಂದರೆ ಅವಳು ಸೆಕೆ ಎನ್ನಬೇಕು, ತೆಗೆಯಲೇ ಎಂದರೆ ಧೂಳು ಎನ್ನಬೇಕು. ಅವನು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದ. ಮನೆಯಲ್ಲಿ ಒಂದು ವಾದವನ್ನೂ ಗೆದ್ದವನಲ್ಲ.

"ನಿನ್ನ ತಂಗಿಗೆ ಬರಬೇಡ ಅಂದುಬಿಟ್ಟೆ," ಎಂದು ಕೆಣಕಿ ನೋಡಿದ.

"ಒಳ್ಳೇದಾಯ್ತು."

ಕಳೆದ ವಾರ ಅವಳ ಮಿದುಳಿನ ಮೇಲಿನ ರಕ್ತನಾಳವೊಂದು ಒಡೆದಿತ್ತು. ಆಪರೇಷನ್ ಮಾಡಿ, ಒಡೆದ ಜಾಗಕ್ಕೆ ಕ್ಲಿಪ್ ಹಾಕಿ ಮುಚ್ಚಿದ್ದರು. ಸದ್ಯ ಬದುಕಿದಳಲ್ಲ ಎಂದು ಇವನು ಉಸಿರು ಬಿಟ್ಟರೆ, ಡಾಕ್ಟರು ತಲೆಯಾಡಿಸಿದ್ದರು. "ಅಸಲು ಕಾವಲು ಈಗ ಶುರು. ಸೋರಿದ ರಕ್ತಕ್ಕೆ ಉಳಿದ ನಾಳಗಳು ಕೆರಳಿ ಮುದುಡ್ತವೆ. ಆಗ ಮಿದುಳು ರಕ್ತ ಸಿಗದೆ ಒಣಗುತ್ತೆ. ಸ್ವಲ್ಪ ಬದಲಾವಣೆ ಕಂಡ್ರೂ ಹೇಳಿ."

ಅವನು ಸಿಸ್ಟರನ್ನು ಕರೆದ. ಸಿಸ್ಟರ್ ಹೆಸರು ಕೇಳಿದರು, ವಾರ ಕೇಳಿದರು, ಇದು ಯಾವ ಜಾಗ ಎಂದು ಕೇಳಿದರು. ಅವಳು ಮೆಲ್ಲಗೆ ಎಲ್ಲವನ್ನೂ ಸರಿಯಾಗಿಯೇ ಹೇಳಿದಳು.

"ಚೆನ್ನಾಗೇ ಇದಾರಲ್ಲ ಸಾರ್. ಏನಾಗಿದೆ?"

"ಹೇಳಿದ್ದಕ್ಕೆಲ್ಲ ಒಪ್ತಿದಾಳೆ."

ಸಿಸ್ಟರ್ ಕಿಸಕ್ಕನೆ ನಕ್ಕರು. "ಪುಣ್ಯ ಮಾಡಿದೀರ ಬಿಡಿ!"

ಅವನಿಗೆ ಮೈಯೆಲ್ಲ ನಾಚಿಕೆಯಾಯಿತು. ಕುಳಿತುಬಿಡೋಣ ಎನ್ನಿಸಿತು. ಸಂಕೋಚಕ್ಕೆ ಬಾಯಿ ಮುಚ್ಚಿಕೊಂಡೇ ಅರ್ಧ ಆಯುಷ್ಯ ಕಳೆದವನು ಅವನು.

"ನಗಬೇಡ್ರಿ! ಡಾಕ್ಟರನ್ನ ಕರೀರಿ, ಈಗಲೇ!"

ಅಷ್ಟು ದೊಡ್ಡ ಗಂಟಲು ತನಗಿದೆಯೆಂದು ಅವನಿಗೇ ಗೊತ್ತಿರಲಿಲ್ಲ.

ಡಾಕ್ಟರು ಬಂದರು. ನಗಲಿಲ್ಲ. ಸ್ಕ್ಯಾನಿನಲ್ಲಿ, ಹಟ-ಹುರುಪು ಹುಟ್ಟುವ ಮಿದುಳಿನ ಮುಂಭಾಗಕ್ಕೆ ರಕ್ತ ಒಯ್ಯುವ ನಾಳ ದಾರದಷ್ಟು ಸಣ್ಣಗಾಗಿತ್ತು. ತೊಡೆಯಿಂದ ಮೇಲಕ್ಕೆ ಸಣ್ಣ ಕೊಳವೆ ತೂರಿಸಿ, ನಾಳದೊಳಕ್ಕೇ ಔಷಧಿ ಬಿಟ್ಟು ಅಗಲಿಸಿದರು.

"ಇನ್ನೂ ಕೆಲವು ದಿನ ಕಾಯ್ಬೇಕು. ಆದ್ರೆ ಇವತ್ತು ಉಳಿಸಿದವರು ನೀವೇ," ಎಂದರು ಡಾಕ್ಟರು.

ಸಂಜೆ ಅವಳು ಕಣ್ಣು ಬಿಟ್ಟಾಗ ಅವನು, "ಮಲಕ್ಕೋ," ಎಂದ.

"ನೀವು ಹೇಳಿದ ತಕ್ಷಣ ನಿದ್ದೆ ಬರುತ್ತಾ? ಮೊದ್ಲು ಆ ಅಂಗಿ ಗುಂಡಿ ನೆಟ್ಟಗೆ ಹಾಕ್ಕೊಳ್ಳಿ!"

ಗೆದ್ದೆ! ಕಾರಿಡಾರಿನಲ್ಲಿ ಸಿಕ್ಕವರನ್ನೆಲ್ಲ ತಬ್ಬಿಕೊಳ್ಳಬೇಕೆನ್ನಿಸಿತು. ಕಣ್ಣೀರು ತಾನಾಗಿ ಇಳಿಯಿತು.

ಸಿಸ್ಟರ್ ಅವಳಿಗೆ ಕಣ್ಣು ಮುಚ್ಚಿ, ಅಂಗೈ ಮೇಲೆ ಮಾಡಿ ಎರಡೂ ಕೈ ಮುಂದೆ ಚಾಚಲು ಹೇಳಿದರು. ಮಿದುಳಿಗೆ ರಕ್ತ ಸಾಲದಿದ್ದರೆ ಒಂದು ಕೈ ತಾನಾಗಿ ಕೆಳಗೆ ಜಾರುತ್ತದಂತೆ. ಯಾವ ಕೈಯೂ ಜಾರಲಿಲ್ಲ.

"ನೀವೂ ಹಿಡೀರಿ ನೋಡೋಣ," ಎಂದಳು ಗಂಡನಿಗೆ. "ಸುಲಭ ಅಂದ್ಕೊಂಡ್ರಾ?"

ಅವನು ಹುರುಪಿನಿಂದ ಕಣ್ಣು ಮುಚ್ಚಿ ಕೈ ಚಾಚಿದ. ಸಿಸ್ಟರ್ ಚಪ್ಪಲಿಯ ಸದ್ದು ಬಾಗಿಲು ದಾಟಿತು.

"ಜಗಳ ಆಡ್ಲಿಲ್ಲ ಅಂತಲೇ ಕಾಯಿಲೆ ಕಂಡುಹಿಡಿದ್ರಂತೆ," ಎಂದಳು ಅವಳು. "ಅದು ಬಿಟ್ರೆ ನನ್ನ ಬಗ್ಗೆ ಇನ್ನೇನು ಗೊತ್ತು ನಿಮಗೆ?"

ಅವಳು ನಗುತ್ತಿದ್ದಾಳೋ ಇಲ್ಲವೋ ತಿಳಿಯಲಿಲ್ಲ. ಕಣ್ಣು ತೆರೆಯಲು ಧೈರ್ಯ ಬರಲಿಲ್ಲ. ಬರಿದಾದ ಎರಡು ಅಂಗೈಗಳನ್ನು ಅವಳ ಮುಂದೆ ಹಾಗೇ ಹಿಡಿದು ನಿಂತ. ಅವನ ಎಡಗೈ ನಿಧಾನವಾಗಿ ಕೆಳಗಿಳಿಯತೊಡಗಿತು.