ಐನೂರ ಹದಿಮೂರು ಚದರಡಿ

ನೋಟೀಸಿನಲ್ಲಿ ಮನೆಯ ವಿಸ್ತೀರ್ಣ ಐನೂರ ಹದಿಮೂರು ಚದರಡಿ ಎಂದಿತ್ತು. ರೂಪ ಅದನ್ನು ಮೂರು ಸಲ ಓದಿದಳು. ಮೂರನೆಯ ಸಲ ಬೆರಳಿಟ್ಟು ಓದಿದಳು. ಹೆಸರು ಸರಿಯಾಗಿತ್ತು: ಮುನಿವೆಂಕಟಮ್ಮ, ಕೋಂ ಲೇಟ್ ಆದಿನಾರಾಯಣಪ್ಪ. ದೊಡ್ಡಬೆಳವಂಗಲ ಹೋಬಳಿ, ಊರು, ಸ್ವತ್ತಿನ ನಂಬರು ಎಲ್ಲವೂ ಸರಿ. ಅಡಿ ಮಾತ್ರ ತಪ್ಪು. ಬೀಗರ ಊಟಕ್ಕೆ ಎರಡು ಪಂಕ್ತಿ ಹಿಡಿಯುವ ಮನೆ ಕಾಗದದ ಮೇಲೆ ಅರ್ಧಕ್ಕಿಂತ ಕಡಿಮೆಯಾಗಿ ಕೂತಿತ್ತು.

ಹೊಸ ರಸ್ತೆ ತಮ್ಮ ಬೀದಿಯ ಮೇಲೇ ಹಾದುಹೋಗುತ್ತದೆಂದು ಗೊತ್ತಾಗಿ ವರ್ಷವಾಗಿತ್ತು. ಅದಕ್ಕಾಗಿ ಅಳುವುದನ್ನೆಲ್ಲ ಮನೆಯವರು ಅತ್ತು ಮುಗಿಸಿದ್ದರು. ಜಾಗದ ಬೆಲೆ ಬೇರೆ, ಕಟ್ಟಡದ ಬೆಲೆ ಬೇರೆ. ಕಟ್ಟಡಕ್ಕೆ ಚದರಡಿಗೆ ಇಷ್ಟು ಎಂದು ಲೆಕ್ಕ ಕಟ್ಟಿ ಹಣ ಕೊಡುತ್ತಾರೆ. ಊರಾಚೆ ಲೇಔಟಿನಲ್ಲಿ ಅವಳ ಗಂಡ ಬೈರೇಶ್ ಒಂದು ಸೈಟು ಹಿಡಿದಿದ್ದ. ಐನೂರ ಹದಿಮೂರು ಅಡಿಯ ಬೆಲೆಗೆ ಅಲ್ಲಿ ಗೋಡೆ ಏಳುತ್ತದೆ, ಮೋಲ್ಡ್ ಹಾಕುವುದು ಮಾತ್ರ ನಿಮ್ಮ ದೇವರಿಗೆ ಬಿಟ್ಟಿದ್ದು ಎಂದು ಮೇಸ್ತ್ರಿ ಮೊದಲೇ ಹೇಳಿಬಿಟ್ಟಿದ್ದ. ಚಾವಣಿಯಿಲ್ಲದ ನಾಲ್ಕು ಗೋಡೆಗಳ ನಡುವೆ ಅತ್ತೆಯನ್ನೂ ಮಗಳು ಸಿಂಚನಳನ್ನೂ ಮಲಗಿಸುವ ಚಿತ್ರ ರೂಪಳ ಕಣ್ಣಿಗೆ ಕಟ್ಟಿ, ಹಗಲಿನಲ್ಲೂ ಬಿಡದಾಯಿತು.

ಆ ಸಂಖ್ಯೆ ಎಲ್ಲಿಂದ ಬಂತೆಂದು ಅವಳು ಹೆಚ್ಚು ಹುಡುಕಬೇಕಾಗಲಿಲ್ಲ. ಸರ್ವೆಯವರು ಬಂದ ದಿನ ಅವಳೂ ಬೈರೇಶನೂ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗಳಲ್ಲಿ ಪಾಳಿಯ ಮೇಲಿದ್ದರು. ಮನೆಯಲ್ಲಿದ್ದವರು ಅತ್ತೆ ಮುನಿವೆಂಕಟಮ್ಮ ಒಬ್ಬರೇ. ಟೇಪು ಹಿಡಿದು ಬಂದವರನ್ನು ಅವರು ಹೊಸ್ತಿಲ ಹೊರಗೇ ನಿಲ್ಲಿಸಿ, ನೀರು ಮಜ್ಜಿಗೆ ಕೊಟ್ಟು, ಇಪ್ಪತ್ತೇಳು ಉದ್ದ, ಹತ್ತೊಂಬತ್ತು ಅಗಲ, ಬರಕೊಳ್ಳಿ ಎಂದಿದ್ದರು. ಪಂಚಾಯಿತಿಯ ಪುಸ್ತಕದಲ್ಲಿಯೂ ಅದೇ ಇತ್ತು, ಬಂದವರಿಗೂ ಬಿಸಿಲು ಹತ್ತಿತ್ತು. ಗುಣಿಸಿ ಬರೆದುಕೊಂಡು ಹೋದರು.

ಅದು ಆಯದ ಅಳತೆ, ಗೋಡೆಗಳ ಒಳಗಿನದು. ಮಾವ ಆದಿನಾರಾಯಣಪ್ಪ ಪಾಯ ತೆಗೆಸಿದಾಗ ಜೋಯಿಸರು ಲೆಕ್ಕ ಹಾಕಿ ಕೊಟ್ಟ ಶುಭದ ಅಳತೆ. ಇಪ್ಪತ್ತೇಳು ಹತ್ತೊಂಬತ್ತಕ್ಕೆ ಆಯಗಳಲ್ಲೆಲ್ಲ ಶ್ರೇಷ್ಠವಾದ ಧ್ವಜಾಯ ಬರುತ್ತದೆ. ಹಳೆಯ ಗುಡಿಸಲಿನಲ್ಲಿ ಮುನಿವೆಂಕಟಮ್ಮ ಎರಡು ಕೂಸುಗಳನ್ನು ಮಣ್ಣಿಗೆ ಕೊಟ್ಟಿದ್ದರು. ಈ ಮನೆಗೆ ಬಂದ ಮೇಲೆ ಹುಟ್ಟಿದ ಬೈರೇಶ್ ಉಳಿದ. ಅಲ್ಲಿಂದಾಚೆಗೆ ಮನೆ ಎಷ್ಟಡಿ ಎಂದು ಯಾರು ಕೇಳಿದರೂ, ಕಂದಾಯದವರಿರಲಿ ಕರೆಂಟಿನವರಿರಲಿ, ಅವರ ಬಾಯಲ್ಲಿ ಇದೊಂದೇ ಉತ್ತರ. ಬೇರೆ ಸಂಖ್ಯೆ ಹೇಳಿದರೆ ಆಯ ಕೆಡುತ್ತದೆ. ಮಾವ ಆಮೇಲೆ ಹಿಂದೆ ಅಡುಗೆಮನೆ, ಬಚ್ಚಲು ಕಟ್ಟಿಸಿದರು, ಮುಂದೆ ಪಡಸಾಲೆ ಎಳೆದರು. ಸಂಖ್ಯೆ ಮಾತ್ರ ಬೆಳೆಯಲಿಲ್ಲ.

ರೂಪ ಬಿ.ಕಾಂ. ಓದಿದವಳು. ಗಾರ್ಮೆಂಟ್ಸಿನಲ್ಲಿ ಅಳತೆ ಪರೀಕ್ಷಿಸುವ ಕೆಲಸ. ಗ್ಯಾಸ್ ಆರಿಸಿದ್ದೀನಾ ಎಂದು ಬಸ್‌ಸ್ಟಾಪಿನಿಂದ ಹಿಂತಿರುಗಿ ಬರುವ ಸ್ವಭಾವ. ಯಾರಿಗೂ ಹೇಳದೆ ರಜೆ ಹಾಕಿ ದೊಡ್ಡಬಳ್ಳಾಪುರಕ್ಕೆ ಹೋಗಿ, ವಿಸ್ತೀರ್ಣ ತಪ್ಪಾಗಿದೆ, ಮರು ಅಳತೆ ಆಗಬೇಕು ಎಂದು ತಕರಾರು ಅರ್ಜಿ ಕೊಟ್ಟಳು. ಸೀಲು ಒತ್ತಿಸಿಕೊಂಡಳು, ಸೀಲಿನ ತಾರೀಕು ಮಸುಕಾಗಿದೆಯೆಂದು ಇನ್ನೊಂದು ಸಲ ಒತ್ತಿಸಿದಳು. ಮಂಗಳವಾರ ಹತ್ತು ಗಂಟೆಗೆ ಇಂಜಿನಿಯರ್ ಬರುತ್ತಾರೆ, ಆವತ್ತೂ ಅಳೆಯಲು ಬಿಡದಿದ್ದರೆ ಹಳೆಯ ಅಂಕಿಯೇ ಕಾಯಂ ಎಂದು ಅಲ್ಲಿಯ ಗುಮಾಸ್ತೆ ತಿಳಿಸಿದಳು.

ಸೋಮವಾರ ಊಟದ ಹೊತ್ತಿಗೆ ಅದನ್ನು ಮನೆಯಲ್ಲಿ ಹೇಳಬೇಕಾಯಿತು. ಮುನಿವೆಂಕಟಮ್ಮ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. ಬೈರೇಶ್ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಕೊನೆಗೆ ತಟ್ಟೆ ನೋಡಿದ. ಪಕ್ಕದ ಮನೆಯಿಂದ ಬಂದಿದ್ದ ಚಿಕ್ಕಮಾವ ಅಪ್ಪಯ್ಯಣ್ಣನಿಗೆ ಮಾತ್ರ ಮಾತು ತಡೆಯಲಿಲ್ಲ.

"ಓದಿರೋ ಸೊಸೇನ ತಂದಿದ್ದಕ್ಕೆ ಇದೊಂದು ಬಾಕಿ ಇತ್ತು ಕಣಪ್ಪ," ಎಂದ ಅವನು ಬೈರೇಶನಿಗೆ. "ಜಾಸ್ತಿ ಅಡಿ ಅಂತ ತೋರಿಸಿದ್ರೆ ಇಷ್ಟು ವರ್ಷ ಕಟ್ಟದಿರೋ ಕಂದಾಯ ಎಲ್ಲಾ ಕಕ್ಕಿಸ್ತಾರೆ. ನಮ್ಮಣ್ಣನ್ನ ಸತ್ತಮೇಲೆ ಕಳ್ಳ ಮಾಡ್ತಾಳೆ ಇವ್ಳು."

ಆ ಕಂದಾಯವನ್ನು ರೂಪ ಪಂಚಾಯಿತಿಯಲ್ಲಿ ವಿಚಾರಿಸಿ ಬಂದಿದ್ದಳು. ಅದು ಒಂದು ಕಿಟಕಿಯ ಬೆಲೆಗೂ ಸಾಲುತ್ತಿರಲಿಲ್ಲ. ಆದರೆ ಅವಳನ್ನು ಚುಚ್ಚಿದ್ದು ಕೊನೆಯ ಮಾತು. ಅತ್ತೆಯ ಎದುರಿಗೆ ಇಂಥ ಮಾತಿಗೆ ಉತ್ತರ ಕೊಟ್ಟು ಅವಳಿಗೆ ಅಭ್ಯಾಸವಿರಲಿಲ್ಲ. ಸಾರು ಬಡಿಸಿದಳು.

ಮಂಗಳವಾರ ಇಂಜಿನಿಯರ್ ಮೂರ್ತಿ ಹತ್ತೂವರೆಗೆ ಬೈಕಿನಲ್ಲಿ ಬಂದರು. ಮುನಿವೆಂಕಟಮ್ಮ ತಲೆಗೆ ಸೆರಗು ಹೊದ್ದು ಹೊಸ್ತಿಲ ಮೇಲೆಯೇ ಕೂತಿದ್ದರು. ಅಪ್ಪಯ್ಯಣ್ಣ ಜಗುಲಿಯ ಮೇಲೆ ಕಾಲು ಚಾಚಿ ಕೂತು, ಆಟ ನೋಡಲು ಬಂದವನಂತಿದ್ದ. ಬೀದಿಯ ನಾಲ್ಕಾರು ಮಂದಿಯೂ ನೆರೆದಿದ್ದರು.

"ಅಳೆಯೋದೇನೂ ಬೇಡ," ಎಂದರು ಮುನಿವೆಂಕಟಮ್ಮ. "ಇಪ್ಪತ್ತೇಳು ಹತ್ತೊಂಬತ್ತು. ಆವತ್ತೇ ಹೇಳಿದೀನಿ."

ಮೂರ್ತಿ ರೂಪಳ ಕಡೆ ನೋಡಿದರು. ಮನೆಯ ಯಜಮಾನಿಯೇ ಬೇಡವೆಂದರೆ ತಾವು ಹಳೆಯ ಅಂಕಿಯನ್ನೇ ಬರೆದುಕೊಂಡು ಹೋಗಬೇಕಾಗುತ್ತದೆ ಎಂದು ಪೆನ್ನು ತೆಗೆದರು.

ಆ ಪೆನ್ನಿನ ಮುಚ್ಚಳ ತೆಗೆದ ಸದ್ದಿಗೆ ರೂಪಳ ಭಯವೆಲ್ಲ ಒಂದು ಕಡೆ ಸರಿಯಿತು. ಅವಳು ಒಳಗೆ ಹೋಗಿ ರಾಗಿ ಅಳೆಯುವ ಹಿತ್ತಾಳೆ ಸೇರನ್ನು ತಂದು ಅತ್ತೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಅತ್ತೆ, ಇದರಲ್ಲಿ ರಾಗಿ ಎಷ್ಟು ಹಿಡಿಯತ್ತೆ?"

"ಒಂದ್ಸೇರು. ಅದನ್ನೂ ನನ್ನೇ ಕೇಳ್ಬೇಕಾ?"

"ಹಿತ್ತಾಳೆ ಎಷ್ಟೇ ದಪ್ಪ ಇದ್ರೂ ಒಳಗೆ ಹಿಡಿಯೋದು ಒಂದೇ ಸೇರು. ಮನೆ ಒಳಗಿನ ಅಳತೇನೂ ಹಾಗೇ, ಅದು ಮಾವ ಕಟ್ಟಿಸಿದ ಆಯ. ಅದನ್ನ ಯಾರೂ ಬದಲಾಯಿಸಕ್ಕಾಗಲ್ಲ. ಆದ್ರೆ ಈ ಸೇರನ್ನ ಪಾತ್ರೆ ಅಂಗಡೀಲಿ ಕೊಟ್ರೆ ಅವನು ರಾಗಿ ಅಳೀತಾನಾ? ಹಿತ್ತಾಳೆ ತೂಗ್ತಾನೆ. ಸರ್ಕಾರದೋರು ನಾವು ಬಾಳಿದ್ದಕ್ಕೆ ಬೆಲೆ ಕಟ್ತಿಲ್ಲ ಅತ್ತೆ. ಒಡೆಯೋ ಗೋಡೆಗೆ ಕಟ್ತಿದಾರೆ. ಎರಡಡಿ ದಪ್ಪದ ಗೋಡೆ. ಮಾವ ತುಳಿದ ಮಣ್ಣು."

ಅಷ್ಟು ಉದ್ದದ ಮಾತನ್ನು ಅವಳು ಆ ಮನೆಯಲ್ಲಿ ಹನ್ನೆರಡು ವರ್ಷಗಳಲ್ಲಿ ಆಡಿರಲಿಲ್ಲ. ಮುನಿವೆಂಕಟಮ್ಮ ಸೇರನ್ನು ಕೈಗೆ ತೆಗೆದುಕೊಂಡು ಅದರ ಅಂಚಿನ ಮೇಲೆ ಹೆಬ್ಬೆರಳು ಸವರಿದರು. ಅಪ್ಪಯ್ಯಣ್ಣ ಏನೋ ಹೇಳಲು ಬಾಯಿ ತೆರೆದಾಗ ಅವನ ಕಡೆ ನೋಡದೆಯೇ ಕೈಯೆತ್ತಿ ತಡೆದರು.

"ಒಳಗೆ ಟೇಪು ತರಬೇಡಿ," ಎಂದರು ಇಂಜಿನಿಯರಿಗೆ. "ಹೊರಗಡೆ ಎಷ್ಟು ಬೇಕಾದ್ರೂ ಅಳಕೊಳ್ಳಿ."

ಹೊರಗಿನ ಅಳತೆಯೇ ಬೇಕಾಗಿದ್ದುದು. ಟೇಪಿನ ಒಂದು ತುದಿ ಮೂರ್ತಿ ಹಿಡಿದರು, ಇನ್ನೊಂದನ್ನು ರೂಪ. ಟೇಪು ನಡುವೆ ಜೋಲಿದರೆ ಎಳೆದು ಬಿಗಿ ಮಾಡಿಸಿದಳು; ಅವರು ಬಾಗಿಲ ಚೌಕಟ್ಟಿನಿಂದ ಹಿಡಿದಾಗ, ಅಲ್ಲಿಂದಲ್ಲ ಸಾರ್, ಗೋಡೆಯ ಹೊರಮೂಲೆಯಿಂದ ಎಂದಳು. ದಿನಕ್ಕೆ ನಾನೂರು ಷರಟಿನ ಮೇಲೆ ಮಾಡುವ ಕೆಲಸ ಅದು. ಮೂವತ್ತೊಂದು, ಇಪ್ಪತ್ತಮೂರು. ಗೋಡೆಗಳೇ ಇನ್ನೂರು ಚದರಡಿ ನುಂಗಿದ್ದವು.

ಮೂರ್ತಿ ಪುಸ್ತಕ ಮಡಿಚುತ್ತಿದ್ದಂತೆ ಹೊಸ್ತಿಲಿನಿಂದ ಮುನಿವೆಂಕಟಮ್ಮನ ದನಿ ಬಂತು. "ಹಿಂದಗಡೆ ಅಡುಗೆಮನೆ, ಬಚ್ಚಲು, ಮುಂದಗಡೆ ಪಡಸಾಲೆ ಆಯಕ್ಕೆ ಸೇರಿಲ್ಲ. ಅದನ್ಯಾಕೆ ಬಿಡ್ತೀರಾ? ಅದರ ಗಾರೆ ನಾನೇ ಕಲಸಿದ್ದು."

ಅವು ದಾಖಲೆಯಲ್ಲಿಲ್ಲವಲ್ಲ ಎಂದರು ಮೂರ್ತಿ. ರೂಪ ಫೈಲು ತೆರೆದಳು. ಅಡುಗೆಮನೆಗೆ ವೈರಿಂಗ್ ಮಾಡಿಸಿದ ವರ್ಷದ ಕಾಗದ, ಪಡಸಾಲೆಯಲ್ಲಿ ಸಿಂಚನಳ ನಾಮಕರಣದ ತಾರೀಕು ಬಿದ್ದ ಫೋಟೋ, ಎಲ್ಲವೂ ನೋಟೀಸಿಗಿಂತ ಹಳೆಯವು. ಮೂರ್ತಿ ನಕ್ಕು ಮತ್ತೆ ಟೇಪು ಬಿಚ್ಚಿದರು. ಹಿಂದಿನದು ಹದಿನಾಲ್ಕಕ್ಕೆ ಇಪ್ಪತ್ತಮೂರು. ಪಡಸಾಲೆ ಎಂಟಕ್ಕೆ ಇಪ್ಪತ್ತಮೂರು. ಈ ಸಲ ಟೇಪಿನ ತುದಿ ಹಿಡಿದವರು ಮುನಿವೆಂಕಟಮ್ಮ.

ಜಗುಲಿಯ ಮೇಲೆ ಕೂತು ಮೂರ್ತಿ ಕೂಡಿದರು. ಏಳುನೂರ ಹದಿಮೂರು, ಮುನ್ನೂರ ಇಪ್ಪತ್ತೆರಡು, ನೂರ ಎಂಬತ್ತನಾಲ್ಕು. ಕೆಳಗೆ ಸಾವಿರದ ನೂರ ಹತ್ತೊಂಬತ್ತು ಎಂದು ಬರೆದು ಸಹಿಗೆ ತಳ್ಳಿದರು. ಮುನಿವೆಂಕಟಮ್ಮ ಪೆನ್ನು ಹಿಡಿದಾಗ ರೂಪ ಅವರ ಮಣಿಕಟ್ಟನ್ನು ಮೆಲ್ಲಗೆ ಹಿಡಿದಳು.

"ನೂರಡಿ ಎಲ್ಲಿ ಹೋಯ್ತು ಸಾರ್?"

ಮೂರ್ತಿ ಮತ್ತೆ ಕೂಡಿದರು. ದಶಕ ದಾಟಿಸುವುದನ್ನು ಮರೆತಿದ್ದರು. ಕಾಟು ಹೊಡೆದು, ಸಾವಿರದ ಇನ್ನೂರ ಹತ್ತೊಂಬತ್ತು ಎಂದು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು, ಪಕ್ಕದಲ್ಲಿ ಸಹಿ ಹಾಕಿದರು. ನೀನು ನಮ್ಮ ಆಫೀಸಿಗೇ ಕೆಲಸಕ್ಕೆ ಬಂದುಬಿಡಮ್ಮ ಎಂದರು ರೂಪಳಿಗೆ. ಮುನಿವೆಂಕಟಮ್ಮ ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ, ತಮ್ಮ ಪೂರ್ತಿ ಹೆಸರು ಬರೆದರು.

ಪರಿಷ್ಕೃತ ಪಟ್ಟಿ ಎರಡು ತಿಂಗಳ ನಂತರ ಪಂಚಾಯಿತಿಯ ಗೋಡೆಗೆ ಅಂಟಿತು. ರೂಪ ಅದನ್ನು ನಾಲ್ಕು ಸಲ ಓದಿದಳು. ಹುಡುಕಿದರೂ ತಪ್ಪು ಸಿಗಲಿಲ್ಲ. ಕಟ್ಟಡದ ಬೆಲೆ ಎರಡು ಪಟ್ಟು ದಾಟಿತ್ತು. ಮೇಸ್ತ್ರಿ ಅವತ್ತೇ ಮೋಲ್ಡಿಗೆ ಕಂಬಿಯ ಲೆಕ್ಕ ಕೊಟ್ಟ. ಸಂಜೆ ಮುನಿವೆಂಕಟಮ್ಮ ಬೀದಿಯಲ್ಲಿ ಸಿಕ್ಕಿದವರಿಗೆಲ್ಲ, ನಮ್ಮ ಮನೇದು ಸಾವಿರದ ಇನ್ನೂರ ಹತ್ತೊಂಬತ್ತು ಎಂದು ಎದೆಯೆತ್ತಿ ಹೇಳುತ್ತಿದ್ದರು.

ಕತ್ತಲಾಗುವ ಮುಂಚೆ ಅಪ್ಪಯ್ಯಣ್ಣ ಬಂದ. ಬೈರೇಶನ ಜೊತೆ ಹಸುವಿನ ಮಾತು, ಹಾಲಿನ ಡೈರಿಯ ಮಾತು ಆಡಿದ. ಕೊನೆಗೆ ಜೇಬಿನಿಂದ, ಹೋದ ವಾರವಷ್ಟೇ ಬಂದಿದ್ದ ತನ್ನ ನೋಟೀಸು ತೆಗೆದು ರೂಪಳ ಕಡೆ ಚಾಚಿದ. ಅವನೂ ಆಯದ ಅಳತೆಯನ್ನೇ ಬರೆಸಿದ್ದ, ಇಪ್ಪತ್ತೊಂದಕ್ಕೆ ಹದಿಮೂರು. ತಕರಾರಿಗೆ ಇನ್ನು ಆರು ದಿನ ಉಳಿದಿತ್ತು.

"ನೀನೇ ಬರಬೇಕು ಕಣಮ್ಮ," ಎಂದ. "ಅವರ ಟೇಪಿನ ಮೇಲೆ ನನಗೆ ನಂಬಿಕೆ ಇಲ್ಲ."

ರೂಪ ಕಾಗದವನ್ನು ಬೆಳಕಿಗೆ ಹಿಡಿದು ಮೊದಲ ಸಾಲಿನಿಂದ ಓದತೊಡಗಿದಳು. ಅವಳು ಮುಗಿಸುವವರೆಗೂ ಚಿಕ್ಕಮಾವ ನಿಂತೇ ಇದ್ದ.