ಕೊನೆಯ ಹದಿನಾರು ಪುಟ

ರದ್ದಿ ಕಾಗದದ ಚೀಲದೊಳಗೆ ಮೊಣಕೈವರೆಗೆ ಕೈ ತೂರಿಸಿ ತಡಕಾಡುತ್ತಿದ್ದ ಸೊಸೆಗೆ ಬಾಗಿಲಲ್ಲಿ ಯಾರೋ ಬಂದು ನಿಂತದ್ದು ತಿಳಿಯಲೇ ಇಲ್ಲ.

"ಏನೇ ಹುಡುಕ್ತಿದೀಯಾ?"

ಗಂಡನ ಅಕ್ಕ. ಬೆಳಿಗ್ಗೆಯಿಂದ ಅತ್ತು ಅತ್ತು ಕಣ್ಣು ಊದಿಕೊಂಡಿದ್ದರೂ ನೋಟದ ಚೂಪು ಮಾತ್ರ ಹಾಗೇ ಇತ್ತು.

"ಏನಿಲ್ಲ ಅಕ್ಕ. ಒಂದು ಕಾಗದ."

"ಅಪ್ಪನ್ನ ನಡುಮನೇಲಿ ಮಲಗಿಸಿದೀವಿ. ಮೂರು ಗಂಟೆಗೆ ವ್ಯಾನ್ ಬರತ್ತೆ. ನಿಂಗೀಗ ಕಾಗದ ಬೇಕಾಯ್ತಾ?" ಅತ್ತಿಗೆ ಬೈಂಡಿಂಗ್ ಕೋಣೆಯನ್ನು ಒಂದು ಸುತ್ತು ನೋಡಿದಳು. ಡ್ರಾಯರುಗಳೆಲ್ಲ ಬಾಯಿ ತೆರೆದುಕೊಂಡಿದ್ದವು. ರಟ್ಟಿನ ರಾಶಿ ನೆಲಕ್ಕುರುಳಿತ್ತು. "ಅಮ್ಮನ ಬಳೆ ಎಲ್ಲಿದೆ ಅಂತ ಅಪ್ಪ ನಿಂಗೇನಾದ್ರೂ ಹೇಳಿದ್ರಾ?"

ಸೊಸೆಯ ಮುಖಕ್ಕೆ ರಕ್ತ ನುಗ್ಗಿತು. ಹದಿನಾರು ಪುಟ ಹುಡುಕುತ್ತಿದ್ದೇನೆ, ಒಂದು ಹಕ್ಕಿ ಬದುಕಿತೋ ಸತ್ತಿತೋ ಅದರಲ್ಲಿದೆ ಎಂದು ಹೇಳಲಾದೀತೇ? ಮನೆಯಲ್ಲಿ ಹೆಣ ಇಟ್ಟುಕೊಂಡು ಮಕ್ಕಳ ಕತೆ ಹುಡುಕಿದ ಮಹಾತಾಯಿ ಎಂದು ನಾಲ್ಕು ಬೀದಿಯವರು ಆಡಿಕೊಳ್ಳಲಿಕ್ಕೆ ಅಷ್ಟು ಸಾಕು.

"ಬಳೆ ವಿಷ್ಯ ನಂಗೊತ್ತಿಲ್ಲ," ಎಂದಳು.

"ಸರಿ, ಹುಡುಕು. ಸಿಕ್ಕಿದ್ರೆ ನಂಗೂ ತೋರ್ಸು." ಅತ್ತಿಗೆ ಹೋದಳು, ಬಾಗಿಲನ್ನು ಮಾತ್ರ ಬೇಕೆಂದೇ ಹಾರುಹೊಡೆದು ಬಿಟ್ಟುಹೋದಳು.

ಮೇಜಿನ ಮೇಲೆ ತೂಕದ ಕಲ್ಲಿನಡಿ ಪುಸ್ತಕದ ಇಪ್ಪತ್ತು ಫಾರಂಗಳು ಅಚ್ಚುಕಟ್ಟಾಗಿ ಕೂತಿದ್ದವು. ಒಂದೊಂದೂ ಹದಿನಾರು ಪುಟದ ಮಡಿಕೆ. ಇಪ್ಪತ್ತೊಂದನೆಯದು ಇರಲಿಲ್ಲ. ಲೈಬ್ರರಿಯ ಮೇಡಂ ಇನ್ನೇನು ಬರುತ್ತಾರೆ, ಅವರ ಪುಸ್ತಕ ಅವರಿಗೆ ಪೂರ್ತಿ ಸೇರಬೇಕು ನಿಜ. ಆದರೆ ಸೊಸೆ ಹುಡುಕುತ್ತಿದ್ದದ್ದು ಅದಕ್ಕಲ್ಲ. ಅವಳಿಗೆ ಗೊತ್ತಾಗಬೇಕಿದ್ದದ್ದು ಒಂದೇ: ಮಾವ ತನ್ನನ್ನು ಬಿಟ್ಟು ಕೊನೆಯವರೆಗೂ ಓದಿಬಿಟ್ಟರೇ?

*

ಮದುವೆಯಾಗಿ ಬಂದ ಹೊಸತರಲ್ಲಿ ಮಾವ-ಸೊಸೆಯ ಮಧ್ಯೆ "ಊಟ ಆಯ್ತಾ?" "ಆಯ್ತು ಮಾವ" ಬಿಟ್ಟರೆ ಮಾತಿರಲಿಲ್ಲ. ಅವರು ಲೈಬ್ರರಿಯ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವವರು. ಅವಳು ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವವಳು. ಒಂದು ದಿನ ಚಹಾ ಕೊಡಲು ಹೋದವಳು ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಫಾರಂ ಒಂದರ ಮೇಲೆ ಕಣ್ಣಾಡಿಸಿದಳು. ಮೋಡ ಮೇಯಿಸುವ ಹುಡುಗಿ, ಅವಳಿಗೊಂದು ಒಂಟಿ ರೆಕ್ಕೆಯ ದೈತ್ಯ ಹಕ್ಕಿ. ನಿಂತಲ್ಲೇ ಹದಿನಾರು ಪುಟ ಮುಗಿಸಿದಳು. ಕೈಯಲ್ಲಿದ್ದ ಚಹಾ ಆರಿ ತಣ್ಣಗಾಯಿತು.

"ಮುಂದಿಂದು ಬೇಕೇನಮ್ಮ?" ಎಂದು ಮಾವ ಇನ್ನೊಂದು ಫಾರಂ ಮುಂದೆ ಚಾಚಿದರು.

ಆ ಪುಸ್ತಕದ ಕೊನೆಯಲ್ಲಿ ಹಕ್ಕಿ ಮೋಡದ ಕಡಲಿಗೆ ಬಿದ್ದುಹೋಯಿತು. ಅದು ಸತ್ತಿತೆಂದು ಇವಳು, ಸತ್ತಿಲ್ಲವೆಂದು ಅವರು ವಾರಗಟ್ಟಲೆ ಜಗಳವಾಡಿದರು. ಎರಡನೆಯ ಭಾಗ ಬರಲು ಆರು ವರ್ಷ ಹಿಡಿಯಿತು. ಬಂದಾಗ ಲೈಬ್ರರಿಯಲ್ಲಿ ನಲವತ್ತು ಮಕ್ಕಳ ಸರತಿ. ನರೆತ ತಲೆ ಹೊತ್ತುಕೊಂಡು ಅದರಲ್ಲಿ ನಿಲ್ಲುವುದು ಹೇಗೆ? ಮಾವ ಮಾತ್ರ ನಿಶ್ಚಿಂತರಾಗಿದ್ದರು. "ಮಕ್ಕಳ ಕೈ ಕಣಮ್ಮ. ನಾಲ್ಕು ತಿಂಗಳಿಗೆ ಪುಸ್ತಕದ ಬೆನ್ನು ಕಿತ್ತೋಗತ್ತೆ. ಕಿತ್ಮೇಲೆ ನನ್ನ ಹತ್ರಾನೇ ಬರಬೇಕು."

ಹೇಳಿದಂತೆಯೇ ಬಂತು. ಮಾವ ಹೊಲಿಗೆ ಬಿಚ್ಚಿ ಇಪ್ಪತ್ತೊಂದು ಫಾರಂ ಮಾಡಿದರು. ದಿನಕ್ಕೊಂದು. ಬೆಳಿಗ್ಗೆ ಅವರು ಓದಿ ಕಲ್ಲಿನಡಿ ಇಡಬೇಕು, ಪಾಳಿ ಮುಗಿಸಿ ಬಂದು ಇವಳು ಓದಬೇಕು. ಇಬ್ಬರೂ ಗೆರೆ ದಾಟುವಂತಿಲ್ಲ. ಹದಿನೇಳು ಫಾರಂ ಕಳೆದರೂ ಹಕ್ಕಿಯ ಸುಳಿವೇ ಇರಲಿಲ್ಲ. ಹದಿನೇಳನೆಯ ದಿನ ಊಟಕ್ಕೆ ಕೂತಾಗ ಮಾವ ತಮ್ಮಷ್ಟಕ್ಕೇ, "ಪಾಪ, ಆ ಹಕ್ಕಿ ವಾಪಸ್ ಬರಬಾರದಿತ್ತು," ಅಂದುಬಿಟ್ಟರು.

ಸೊಸೆಯ ಕೈಯಲ್ಲಿದ್ದ ಸೌಟು ನಿಂತಿತು. "ಮಾವ. ನೀವು ಮುಂದೆ ಓದಿದೀರಾ."

"ಎರಡೇ ಎರಡು ಫಾರಂ ಕಣಮ್ಮ... ತಡೆಯಕ್ಕಾಗಲಿಲ್ಲ."

"ಎರಡು ಓದಿದವ್ರು ಎಲ್ಲ ಓದಿರ್ತೀರಿ. ಇನ್ಮೇಲೆ ನೀವೇ ಓದ್ಕೊಳ್ಳಿ. ನಂಗೇನೂ ಹೇಳ್ಬೇಡಿ, ನನ್ನ ಹತ್ರ ಮಾತೂ ಆಡ್ಬೇಡಿ."

ಗಂಡ ಮಿಕಿಮಿಕಿ ನೋಡಿದ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಜಗಳವಿರಬೇಕೆಂದುಕೊಂಡು ನೀರು ಕುಡಿದ.

ಆಮೇಲೆ ಮೂರು ದಿನ ಮಾತಿಲ್ಲ. ಮಾವ ದಿನಕ್ಕೊಂದು ಫಾರಂ ಕಲ್ಲಿನಡಿ ಇಡುವುದನ್ನು ಬಿಡಲಿಲ್ಲ. ಸೊಸೆ ಅವರಿಲ್ಲದ ಹೊತ್ತು ನೋಡಿ ಓದುವುದನ್ನೂ ಬಿಡಲಿಲ್ಲ. ಕೋಪ ಬೇರೆ, ಹಕ್ಕಿ ಬೇರೆ. ಇಪ್ಪತ್ತನೆಯದು ಅರ್ಧ ವಾಕ್ಯಕ್ಕೆ ಮುಗಿದಿತ್ತು. ಇವತ್ತು ಬೆಳಿಗ್ಗೆ ನೋಡಿದರೆ ಮಾವ ಮೇಜಿಗೆ ತಲೆಯಾನಿಸಿ ಕೂತಿದ್ದರು. ಕೂಗಿದರೆ ಏಳಲಿಲ್ಲ.

*

ವ್ಯಾನು ಹತ್ತು ನಿಮಿಷ ಮೊದಲೇ ಬಂತು. ಅದರ ಗಡಗಡ ಸದ್ದಿಗೆ ಕಿಟಕಿಯ ಗಾಜು ನಡುಗತೊಡಗಿತು.

"ಎಂಜಿನ್ ಆಫ್ ಮಾಡಪ್ಪ," ಎಂದು ಯಾರೋ ಅಂದರು.

"ಆಗಲ್ಲ ಸಾರ್. ಆಫ್ ಮಾಡಿದ್ರೆ ನಾಲ್ಕು ಜನ ತಳ್ಳಬೇಕು. ನಾಲ್ಕು ಗಂಟೆಗೆ ಇನ್ನೊಂದು ಕಡೆ ಹೋಗೋದಿದೆ, ಬೇಗ ಎತ್ತಿ," ಎಂದ ಡ್ರೈವರ್.

ಲೈಬ್ರರಿಯ ಮೇಡಂ ಹೂವಿಟ್ಟು ಬದಿಗೆ ನಿಂತರು. ಗಂಡ, ಪಕ್ಕದ ಮನೆಯವರು ಸುತ್ತ ಬಗ್ಗಿದರು. ಆಗ ಸೊಸೆ ಮಾವನ ಮೈಮೇಲಿದ್ದ ಕಂದು ಕೋಟನ್ನು ನೋಡಿದಳು.

"ಕೋಟು ಯಾಕೆ ಹಾಕಿದ್ರಿ ಅಕ್ಕ?"

"ಅಪ್ಪ ಹೊರಗೆ ಹೊರಟ್ರೆ ಇದಿಲ್ದೆ ಹೋಗ್ತಿದ್ರಾ?" ಅತ್ತಿಗೆಯ ದನಿ ಒಡೆಯಿತು. "ಗೂಟದಲ್ಲಿತ್ತು. ಹಾಕ್ದೆ."

ಈ ಕೋಟು ಹಾಕಿಕೊಂಡು ಮಾವ ಕೊನೆಯದಾಗಿ ಎಲ್ಲಿಗೆ ಹೋಗಿದ್ದರೆಂದು ಈ ಮನೆಯಲ್ಲಿ ಗೊತ್ತಿದ್ದದ್ದು ಸೊಸೆಯೊಬ್ಬಳಿಗೇ.

*

ನಿನ್ನೆ ಮಧ್ಯಾಹ್ನ. ಸೊಸೆ ಕೂತಿದ್ದ ಮೂರನೆಯ ಕೌಂಟರಿನ ಸರತಿಯಲ್ಲಿ ನಾಲ್ಕನೆಯವರಾಗಿ ಮಾವ ನಿಂತಿದ್ದರು. ಒಂದು ಕೈ ಕೋಟಿನೊಳಗೆ, ಎದೆಯ ಹತ್ತಿರ. ಎಂದೂ ಬಸ್ ನಿಲ್ದಾಣದ ಕಡೆ ತಲೆ ಹಾಕದ ಮನುಷ್ಯ. ಮುಂದಿನ ಮೂವರಿಗೆ ಟಿಕೆಟ್ ಹರಿದು ಕೊಡುವಷ್ಟು ಹೊತ್ತು ಅವಳ ಕೋಪ ಕುದಿಯುತ್ತಲೇ ಇತ್ತು. ಅವರ ಸರದಿ ಬಂದಾಗ ತಲೆಯೆತ್ತದೆ ಗಾಜಿನ ಮುಂದೆ ಫಲಕ ಇಟ್ಟಳು: ಪಕ್ಕದ ಕೌಂಟರಿಗೆ ಹೋಗಿ.

ಮಾವ ಆ ಮೂರು ಪದಗಳನ್ನು ಬಹಳ ಹೊತ್ತು ಓದಿದರು. ಆಮೇಲೆ ಪಕ್ಕದ ಸರತಿಗೆ ಹೋಗಿ ನಿಂತರು. ನಿಂತವರು ಸುಮ್ಮನೆ ಹೋಗಬಾರದೆಂದುಕೊಂಡರೋ ಏನೋ, ಎಲ್ಲಿಗೋ ಒಂದು ಟಿಕೆಟ್ ಕೊಂಡು ಮನೆಗೆ ನಡೆದುಹೋದರು.

*

"ನಿಲ್ಲಿ!"

ಎತ್ತುತ್ತಿದ್ದವರ ಕೈ ನಿಂತಿತು. ಸೊಸೆ ಮಂಡಿಯೂರಿ ಕೋಟಿನೊಳಗೆ ಕೈ ಹಾಕಿದಳು. ಅತ್ತಿಗೆ ಹಾರಿ ಬಂದು ಮಣಿಕಟ್ಟು ಹಿಡಿದಳು. ಉಗುರು ಚರ್ಮಕ್ಕೆ ನಾಟಿತು.

"ಸತ್ತೋರ ಜೇಬಿಗೆ ಕೈ ಹಾಕ್ತೀಯಲ್ಲೇ! ನಾಚಿಕೆ ಆಗಲ್ವಾ ನಿಂಗೆ?"

"ಅಕ್ಕ, ಬಿಡಿ. ಆಮೇಲೆ ಹೊಡೀರಿ ಬೇಕಾದ್ರೆ. ಈಗ ಬಿಡಿ."

ಗಂಡ ಬೆಪ್ಪಾಗಿ ನಿಂತಿದ್ದ. ಸೊಸೆ ಕೈ ಹೊರಗೆಳೆದಳು. ಮೊದಲು ಬಸ್ಸಿನ ಟಿಕೆಟ್ ಉದುರಿತು. ಹಿಂದೆಯೇ ಖಾಕಿ ಕಾಗದ ಸುತ್ತಿದ ತೆಳ್ಳನೆಯ ಕಟ್ಟು. ಒಂದಕ್ಷರವೂ ಕಾಣದಂತೆ ಸುತ್ತಿ, ತೆರೆಯುವ ಮೂರು ಬದಿಗೂ ಮೇಣ ಹಚ್ಚಿದ ನೂಲಿನಿಂದ ಹತ್ತಿರ ಹತ್ತಿರ ಹೊಲಿಗೆ ಹಾಕಿತ್ತು. ಪುಸ್ತಕಕ್ಕೆ ಅಂಥ ಹೊಲಿಗೆ ಯಾರೂ ಹಾಕುವುದಿಲ್ಲ.

"ಇದೇನಿದು?" ಅತ್ತಿಗೆಯ ಹಿಡಿತ ಸಡಿಲಾಯಿತು.

ಲೈಬ್ರರಿಯ ಮೇಡಂ ಮುಂದೆ ಬಂದರು. "ನಮ್ಮ ಪುಸ್ತಕದ ಕೊನೇ ಫಾರಂ. ಮೊನ್ನೆ ಫೋನ್ ಮಾಡಿದ್ರು. ಇನ್ನೆರಡು ದಿನ ಕೊಡಿ, ಸೊಸೆ ಮುನಿಸ್ಕೊಂಡಿದಾಳೆ ಅಂದ್ರು. ನೀವು ಓದಿ ಮುಗಿಸಿ ಕೊಟ್ಬಿಡಿ ಅಂದೆ. ಅದಕ್ಕೆ, ನನ್ನ ಕೈ ಮೇಲೆ ನಂಗೆ ನಂಬ್ಕೆ ಇಲ್ಲ ಮೇಡಂ, ಓದದಿರೋ ಹಾಗೆ ಹೊಲಿದುಬಿಟ್ಟಿದೀನಿ, ಅವಳೇ ಬಿಚ್ಚಲಿ ಅಂದ್ರು."

ಸೊಸೆಗೆ ದುಃಖ ಉಕ್ಕಿ ಬಂತು. ಬೆಳಿಗ್ಗೆಯಿಂದ ಒಂದು ಹನಿ ಬಾರದಿದ್ದ ಕಣ್ಣು ಈಗ ಹರಿಯತೊಡಗಿತು. ಕಟ್ಟನ್ನು ಎದೆಗವುಚಿಕೊಂಡು, "ನಾನೇ ಮಾವ, ನಾನೇ ಬೋರ್ಡ್ ಇಟ್ಟೆ," ಎಂದು ಬಿಕ್ಕಿದಳು. ಯಾವ ಬೋರ್ಡೆಂದು ಯಾರಿಗೂ ತಿಳಿಯಲಿಲ್ಲ, ಯಾರೂ ಕೇಳಲೂ ಇಲ್ಲ.

"ಟೈಮಾಯ್ತು," ಎಂದ ಡ್ರೈವರ್ ಬಾಗಿಲಲ್ಲಿ ಇಣುಕಿ.

ಅತ್ತಿಗೆ ಎದ್ದು ಒಳಗೆ ಹೋದಳು. ಅಪ್ಪನ ಮೇಜಿನಿಂದ ನೂಲು ಕತ್ತರಿಸುವ ಚಿಕ್ಕ ಕತ್ತರಿ ತಂದು ಸೊಸೆಯ ಕೈಗಿಟ್ಟಳು.

"ಏನಿದೆಯಂತೆ ಅದರಲ್ಲಿ?"

"ಒಂದು ಹಕ್ಕಿ ಅಕ್ಕ. ಬದುಕ್ತೋ ಇಲ್ವೋ ಗೊತ್ತಿಲ್ಲ. ಮಾವಂಗೂ ಗೊತ್ತಿಲ್ಲ."

ಅತ್ತಿಗೆ ಒಂದು ಕ್ಷಣ ಅಪ್ಪನ ಮುಖ ನೋಡಿದಳು. ಆಮೇಲೆ ನೆಲದ ಮೇಲೆ ಕೂತಳು. "ಜೋರಾಗಿ ಓದು. ಅವರಿಗೆ ಕಿವಿ ಮಂದ."

ಸೊಸೆ ಹೊಲಿಗೆ ಒಂದೊಂದೇ ಕತ್ತರಿಸಿದಳು. ಕಣ್ಣೊರೆಸಿಕೊಂಡು, ಇಪ್ಪತ್ತನೆಯ ಫಾರಂ ಮುಗಿದಿದ್ದ ಅರ್ಧ ವಾಕ್ಯವನ್ನು ಮೊದಲು ಬಾಯಿಪಾಠ ಹೇಳಿದಳು: "ಗಾಳಿ ನಿಂತಿತು. ಹುಡುಗಿ ಕಣ್ಣು ಬಿಟ್ಟಾಗ, ತನ್ನ ಮೇಲೆ ಕವಿದಿದ್ದ ಆ ಒಂಟಿ ರೆಕ್ಕೆ..."

ಖಾಕಿ ಕಾಗದ ಸರಿಸಿ ಪುಟ ತೆರೆದಳು. ಎಂಜಿನ್ನಿನ ಸದ್ದಿನಲ್ಲಿ ಅವಳ ದನಿ ಯಾರಿಗೂ ಕೇಳಿಸಲಿಲ್ಲ.

ಡ್ರೈವರ್ ವ್ಯಾನಿಗೆ ಹೋಗಿ ಎಂಜಿನ್ ಆರಿಸಿ ಬಂದ.