ಮುಂದಿನ ಹಡಗಿನವರೆಗೆ

ಚೆಲುವರಾಜು ನೆಲದ ಮೇಲೂ ಹಡಗಿನ ಮೇಲೆ ನಡೆದಂತೆಯೇ ನಡೆಯುತ್ತಿದ್ದರು: ಕಾಲು ಅಗಲಿಸಿ, ಹಿಡಿಯಲು ಕಂಬಿ ಹುಡುಕುವವರಂತೆ ಎಡಗೈ ಚಾಚಿ, ಸುಡು ಬಿಸಿಲಿನಲ್ಲೂ ಮಳೆಕೋಟು ತೊಟ್ಟು, ಅದರ ಜೇಬಿನಲ್ಲಿ ಒಂದು ಪೊಟ್ಟಣ ಅವಲಕ್ಕಿ ಇಟ್ಟುಕೊಂಡು. ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಯೂನಿಯನ್ ಸಿಟಿಯ ಸಪಾಟು ರಸ್ತೆಯಲ್ಲಿ ಮೊಮ್ಮಗಳು ಲಾಸ್ಯಾ, "ತಾತಾ, ದಿಸ್ ಈಸ್ ನಾಟ್ ಅ ಬೋಟ್" ಎನ್ನುತ್ತಿದ್ದಳು. ಅವರಿಗೆ ಅಷ್ಟು ಖಾತ್ರಿಯಿರಲಿಲ್ಲ.

ಮಂಡ್ಯದ ಈ ಮನುಷ್ಯ ಆಯುಷ್ಯದ ಬಹುಭಾಗವನ್ನು ಕಳೆದದ್ದು ಕಾರ್ ನಿಕೋಬಾರಿನ ಆಡಳಿತ ಕಚೇರಿಯಲ್ಲಿ. ಮದರಾಸಿಗಿಂತ ಸುಮಾತ್ರಾಕ್ಕೆ ಸಮೀಪವಾದ, ತೆಂಗಿನ ತಲೆಗಿಂತ ಎತ್ತರದ್ದೇನೂ ಇಲ್ಲದ ಆ ಚಪ್ಪಟೆ ದ್ವೀಪ ಮೂಲನಿವಾಸಿಗಳದು. ಹೊರಗಿನಿಂದ ಹೋದ ಮೇಷ್ಟ್ರು, ಅಂಗಡಿಯವನು, ಗುತ್ತಿಗೆದಾರ ಎಲ್ಲರೂ ಪಾಸಿನ ಮೇಲೆ ಇರತಕ್ಕವರು. ಕೆಲಸ ಮುಗಿದರೆ ಪಾಸೂ ಮುಗಿಯಿತು. ಆ ಪಾಸುಗಳ ಮೇಜು ಚೆಲುವರಾಜುಗಳದು. ಕಾನೂನಿನಲ್ಲಿ ಅವರು ಬಲು ಬಿಗಿ. ಆದರೆ ಅವಧಿ ತೀರಿದವನನ್ನು ಸಮುದ್ರಕ್ಕೆ ನೂಕಲಾಗುವುದಿಲ್ಲವಲ್ಲ. "ಮುಂದಿನ ಹಡಗಿನವರೆಗೆ ಇರಿ" ಎನ್ನುತ್ತಿದ್ದರು. ಪೋರ್ಟ್ ಬ್ಲೇರಿನ ಹಡಗೋ, ಗಾಳಿ ನೋಡಿ, ಎಂಜಿನ್ ನೋಡಿ, ಮನಸ್ಸಾದಾಗ ಬರುವಂಥದ್ದು. ಅಷ್ಟರಲ್ಲಿ ಒಬ್ಬಳ ಬಾಣಂತನ ಮುಗಿಯುತ್ತಿತ್ತು, ಇನ್ನೊಬ್ಬರ ಮಕ್ಕಳ ಪರೀಕ್ಷೆ ಮುಗಿಯುತ್ತಿತ್ತು, ಒಮ್ಮೊಮ್ಮೆ ಹೊಸ ಪಾಸೇ ಬಂದುಬಿಡುತ್ತಿತ್ತು. ಬಂದ ಹಡಗಿನಲ್ಲಿ ಜಾಗವಿದ್ದಾಗಲೂ "ಇದಲ್ಲ, ಇದರ ಮುಂದಿನದು" ಎಂದದ್ದುಂಟು.

ಎರಡು ಸಾವಿರದ ಒಂದರಲ್ಲಿ ಡಾಟ್‌ಕಾಮ್ ಕಂಪನಿಗಳು ಸಾಲಾಗಿ ಬಾಗಿಲು ಹಾಕಿಕೊಂಡಾಗ, ಅವರು ನೋಡಲು ಬಂದಿದ್ದ ಮಗಳು ಬಿಂದುಶ್ರೀಯ ಕೆಲಸವೂ ಹೋಯಿತು. ಕೆಲಸದ ಜೊತೆಗೇ ವೀಸಾ. ಗಂಡ ಜಗನ್, ಮಗಳು ಲಾಸ್ಯಾ ಇಬ್ಬರೂ ಅವಳ ವೀಸಾಕ್ಕೆ ಜೋತುಬಿದ್ದವರೇ. ಹತ್ತಿರದ ಕ್ಯಾಂಪ್‌ಬೆಲ್ ಊರಿನ ಕಂಪನಿಯೊಂದು ಕೆಲಸದ ವಿಷಯ ಇನ್ನು ಕೆಲವು ವಾರಗಳಲ್ಲಿ ಹೇಳುತ್ತೇವೆ ಎಂದಿತ್ತು. ಆ ವಾರಗಳು ಇವೆಯೋ ಇಲ್ಲವೋ ಎಂಬುದೇ ಯಾರಿಗೂ ತಿಳಿಯದು. ಒಬ್ಬ ಸ್ನೇಹಿತ ಹತ್ತು ದಿನವೆಂದ, ಇನ್ನೊಬ್ಬ ಎರಡು ತಿಂಗಳೆಂದ, ಮತ್ತೊಬ್ಬ ನಿನ್ನೆಯೇ ಹೊರಡಬೇಕಿತ್ತೆಂದ.

ಮಳೆಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು ಚೆಲುವರಾಜು ಮಗಳ ಜೊತೆ ಲಾಯರ್ ಆಫೀಸಿಗೂ ಹೋದರು.

"ಮುಂದಿನ ಹಡಗಿನ ತನಕ ಇರಬಹುದಲ್ಲಾ, ಕೇಳಮ್ಮ."

"ಅಪ್ಪಾ, ಇಲ್ಲಿ ಡೈಲಿ ಫ್ಲೈಟು ಇದೆ. ಯಾವ ಹಡಗಿಗೂ ಕಾಯೋ ಹಾಗಿಲ್ಲ."

ಅವರಿಗೆ ಇದು ಅರ್ಥವೇ ಆಗಲಿಲ್ಲ. ಮನೆಗೆ ಬಂದು ಭೂಪಟ ಬಿಡಿಸಿ ಕುಳಿತರು. ಕೊಲ್ಲಿಯ ಆಚೆಗೆ, ಪೂರ್ವಕ್ಕೆ, ಬೆರಳು ಎಷ್ಟು ದೂರ ಹೋದರೂ ನೆಲವೇ. ಇದು ದ್ವೀಪವಲ್ಲ, ಆದರೆ ಇಲ್ಲಿನ ಕಾಯಿದೆ ದ್ವೀಪದ್ದೇ. ಹಾಗಾದರೆ ಹಡಗು ಎಲ್ಲಿ ಎಂದು ಜಗನ್ನನ್ನು ಕೇಳಿದರು. ಅವನು ಪೆಟ್ಟಿಗೆಗಳಿಗೆ ಟೇಪು ಹಚ್ಚುತ್ತಿದ್ದ.

ಲಾಯರು ಹೊರಡುವುದೇ ಕ್ಷೇಮವೆಂದ ಮೇಲೆ ಎಲ್ಲರೂ ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣಕ್ಕೆ ಬಂದರು. ಕೊಲ್ಲಿಯ ಮೇಲೆ ದಟ್ಟ ಮಂಜು. ವಿಮಾನ ತಡವೆಂದು ಸಾರಿದರು. ಚೆಲುವರಾಜುಗಳ ಮುಖ ಅರಳಿತು. ಕುರ್ಚಿಯಲ್ಲಿ ನೆಮ್ಮದಿಯಾಗಿ ಕೂತು ಅವಲಕ್ಕಿ ಬಿಚ್ಚಿ, "ಕ್ಯಾಂಪ್‌ಬೆಲ್ಲಿಗೆ ಫೋನ್ ಮಾಡಮ್ಮ. ಟೈಮಿದೆ" ಎಂದರು. ಬಿಂದುಶ್ರೀ ಮಾಡಿದಳು, ಯಂತ್ರವೊಂದು ಸಂದೇಶ ಬಿಡಿ ಎಂದಿತು. ಮಧ್ಯಾಹ್ನದ ಹೊತ್ತಿಗೆ ಮಂಜು ಕರಗಿತು. ಅವರು ಅವಲಕ್ಕಿ ಕಟ್ಟಿ ಜೇಬಿಗಿಟ್ಟು, ಕಾಲು ಅಗಲಿಸಿ ಸಾಲಿನಲ್ಲಿ ನಿಂತರು.

ಅಧಿಕಾರವಿದ್ದಾಗ ತೋರಿದ ದಯೆಯನ್ನು ತಮ್ಮದೆನ್ನಲು ನಾಚಿ, ಅದನ್ನು ಹಡಗಿನ ತಲೆಗೋ ಗಾಳಿಯ ತಲೆಗೋ ಕಟ್ಟುವ ಜನ ಲೋಕದಲ್ಲಿ ಕೆಲವರಿರುತ್ತಾರೆ. ಕಟ್ಟಿ ಕಟ್ಟಿ ಕೊನೆಗೆ ತಾವೇ ಅದನ್ನು ನಂಬಿಬಿಡುತ್ತಾರೆ. ಆದ್ದರಿಂದಲೇ ತಮಗೆ ದಯೆ ಬೇಕಾದ ದಿನ ಅವರು ಮೇಜಿನ ಹಿಂದೆ ಕುಳಿತ ಮನುಷ್ಯನ ಮುಖ ನೋಡುವುದಿಲ್ಲ. ಕಿಟಕಿಯಾಚೆ ಸಮುದ್ರವನ್ನು ನೋಡುತ್ತಾರೆ.